ರೆಡ್ ಕ್ಲೌಡ್ ಗಣಿ: ಟ್ರಿಗೊ ಪರ್ವತಗಳ ಸೀಸ, ಮ್ಯಾಂಗನೀಸ್ ಮತ್ತು ಕೆಂಪು ಹರಳು

ರೆಡ್ ಕ್ಲೌಡ್ ಗಣಿ ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ, ಅರಿಜೋನ ರಾಜ್ಯದ ಲಾ ಪಾಜ್ ಕೌಂಟಿಗೆ ಸೇರಿದ ಟ್ರಿಗೊ ಪರ್ವತಗಳಲ್ಲಿದೆ. ಯೂಮಾ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. ಗಣಿಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಕೊಲೊರಾಡೊ ನದಿ, ಅದರಾಚೆ ಕ್ಯಾಲಿಫೋರ್ನಿಯ. 1983ಕ್ಕೆ ಮುಂಚೆ ಈ ಪ್ರದೇಶ ಯೂಮಾ ಕೌಂಟಿಯಲ್ಲಿತ್ತು. ಹಾಗಾಗಿ ಹಳೆಯ ಪುಸ್ತಕಗಳಲ್ಲೂ ವಸ್ತುಸಂಗ್ರಹಾಲಯದ ಚೀಟಿಗಳಲ್ಲೂ ವಿಳಾಸ ಯೂಮಾ ಕೌಂಟಿ ಎಂದೇ ಇರುತ್ತದೆ. ಗಣಿಯನ್ನು ತೋಡಿದ್ದು ಬೆಳ್ಳಿಗಾಗಿ. ಸಿಕ್ಕಿದ್ದು ಹೆಚ್ಚಾಗಿ ಸೀಸ, ಅದರ ಸುತ್ತ ಕಬ್ಬಿಣ ಮತ್ತು ಮ್ಯಾಂಗನೀಸಿನ ಕಪ್ಪು ಕೆಂಪು ಕಲ್ಲು. ಗಣಿಯಾಗಿ ರೆಡ್ ಕ್ಲೌಡ್ ಯಾವ ಕಾಲಕ್ಕೂ ದೊಡ್ಡದಾಗಲಿಲ್ಲ. ಅದರ ಹೆಸರು ಉಳಿದಿರುವುದು ಒಂದು ಖನಿಜದಿಂದ. ಸೀಸ ಮತ್ತು ಮಾಲಿಬ್ಡಿನಂ ಕೂಡಿ ಆಗುವ ವುಲ್ಫೆನೈಟ್ ಎಂಬ ಆ ಖನಿಜದ ಅತ್ಯಂತ ಕೆಂಪಾದ, ಅತ್ಯಂತ ಚೆಲುವಾದ ಹರಳುಗಳು ಇಲ್ಲಿಯವೇ ಎಂಬುದು ಖನಿಜ ಸಂಗ್ರಾಹಕರ ನಡುವೆ ಬಹುಕಾಲದಿಂದ ಇರುವ ಅಭಿಪ್ರಾಯ.

ಗಣಿ ಸೇರಿರುವುದು ಸಿಲ್ವರ್ ಡಿಸ್ಟ್ರಿಕ್ಟ್ ಎಂಬ ಗಣಿ ವಲಯಕ್ಕೆ. ಇದು ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಅಮೆರಿಕದ ಪಶ್ಚಿಮದಲ್ಲಿ ಸರ್ಕಾರ ಇನ್ನೂ ಕಾಲಿಡದಿದ್ದ ಬೆಟ್ಟಗಳಲ್ಲಿ ಗಣಿಗಾರರು ತಾವೇ ಸಭೆ ಸೇರಿ, ಎಲ್ಲೆ ಗೊತ್ತುಮಾಡಿ, ಯಾರ ಅದಿರು ಎಲ್ಲಿಯವರೆಗೆ ಎಂದು ನಿಯಮ ಬರೆದುಕೊಂಡು, ದಾಖಲೆಗೆ ಒಬ್ಬನನ್ನು ನೇಮಿಸಿಕೊಳ್ಳುತ್ತಿದ್ದರು. ಅಂಥ ಪ್ರತಿಯೊಂದು ಕೂಟವೂ ಒಂದು ಡಿಸ್ಟ್ರಿಕ್ಟ್. ಈ ಪದ್ಧತಿಗೆ 1872ರ ಗಣಿ ಕಾನೂನು ದೇಶದ ಮುದ್ರೆ ಒತ್ತಿತು. ಅದರ ಪ್ರಕಾರ ಸರ್ಕಾರಿ ನೆಲದಲ್ಲಿ ಅದಿರಿನ ಪಟ್ಟೆ ಕಂಡವನು ಉದ್ದಕ್ಕೆ 1,500 ಅಡಿ, ಅಗಲಕ್ಕೆ 600 ಅಡಿ ಗುರುತು ನೆಟ್ಟುಕೊಳ್ಳಬಹುದು. ವರ್ಷಕ್ಕೆ 100 ಡಾಲರ್ ಬೆಲೆಯ ಕೆಲಸ ಮಾಡಿದರೆ ಹಕ್ಕು ಉಳಿಯುತ್ತಿತ್ತು. ಎಕರೆಗೆ 5 ಡಾಲರ್ ಕಟ್ಟಿದರೆ ನೆಲವೇ ಸ್ವಂತವಾಗುತ್ತಿತ್ತು. ಟ್ರಿಗೊ ಬೆಟ್ಟಗಳಲ್ಲಿ ರೆಡ್ ಕ್ಲೌಡ್, ಹ್ಯಾಂಬರ್ಗ್, ಬ್ಲ್ಯಾಕ್ ರಾಕ್, ಪ್ರಿನ್ಸೆಸ್ ಮುಂತಾದ ಗಣಿಗಳು ಹುಟ್ಟಿದ್ದು ಹೀಗೆ. ಬ್ಲ್ಯಾಕ್ ರಾಕ್ ಎಂದರೆ ಕಪ್ಪು ಬಂಡೆ. ಈ ವಲಯದ ಅದಿರಿನ ಪಟ್ಟೆಗಳ ಹೊರಮೈಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ನೆಲ, ಬಿಸಿಲು, ನೀರು

ಟ್ರಿಗೊ ಪರ್ವತಗಳು ಸೊನೋರಾ ಮರುಭೂಮಿಯ ಪಶ್ಚಿಮ ಭಾಗದಲ್ಲಿವೆ. ಎತ್ತರದಲ್ಲಿ ಇವು ನಮ್ಮ ಪಶ್ಚಿಮ ಘಟ್ಟಗಳ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಂದೊಂದು ಕೊರಕಲೂ ಚೂಪು, ಒಂದೊಂದು ಇಳಿಜಾರೂ ಸಡಿಲ ಕಲ್ಲಿನದು. ಯೂಮಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 80 ಮಿಲಿಮೀಟರ್ ಆಸುಪಾಸು. ಕರ್ನಾಟಕದ ಅತ್ಯಂತ ಒಣ ತಾಲ್ಲೂಕುಗಳಲ್ಲೂ ಇದರ ಹಲವು ಪಟ್ಟು ಮಳೆಯಾಗುತ್ತದೆ. ಬೇಸಿಗೆಯಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಸುದ್ದಿಯೇ ಅಲ್ಲ. ಹಳ್ಳಗಳೆಲ್ಲ ಒಣಹಳ್ಳಗಳು. ವರ್ಷಕ್ಕೆ ಒಂದೆರಡು ಸಲ ದಿಢೀರನೆ ಪ್ರವಾಹ ನುಗ್ಗಿ ದಾರಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಮರುದಿನ ಮತ್ತೆ ಬರಿಯ ಮರಳು. ಹಳ್ಳದ ಅಂಚಿಗೆ ಪಾಲೊ ವರ್ಡೆ ಮತ್ತು ಐರನ್‌ವುಡ್ ಮರಗಳು, ಇಳಿಜಾರಿನಲ್ಲಿ ಸಗ್ವಾರೊ ಕಳ್ಳಿ, ಉಳಿದ ಕಡೆ ಕ್ರಿಯೊಸೋಟ್ ಪೊದೆ.

ಇಲ್ಲಿನ ಬಂಡೆಗಳ ಮೇಲೆ ಹೊಳೆಯುವ ಕಪ್ಪು ಲೇಪವೊಂದಿದೆ. ಗಾಳಿ ತಂದ ಜೇಡಿಯ ಜೊತೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಸಾವಿರಾರು ವರ್ಷ ಪದರಪದರವಾಗಿ ಅಂಟಿ ಆದ ಲೇಪ ಅದು. ಮೂಲನಿವಾಸಿಗಳು ಅದನ್ನು ಕುಟ್ಟಿ ತೆಗೆದು ಕೆಳಗಿನ ತಿಳಿಬಣ್ಣದ ಕಲ್ಲು ಕಾಣುವಂತೆ ಚಿತ್ರ ಕೊರೆದರು. ನದಿಯ ಈ ಭಾಗ ಕ್ವೆಚಾನ್, ಮೊಹಾವೆ ಮತ್ತು ಕೊಕೊಪಾ ಜನರ ನೆಲೆ. ಗಣಿಗಾರರ ಬರಹಗಳಲ್ಲಿ ಈ ಪ್ರದೇಶ ಜನರಿಲ್ಲದ ಬೆಂಗಾಡು ಎಂದೇ ಬರುತ್ತದೆ. ಅದು ಸುಳ್ಳು. ನದಿಯ ಬಯಲಲ್ಲಿ ಪ್ರವಾಹ ಇಳಿದ ಮೇಲೆ ಮೆಕ್ಕೆಜೋಳ, ಕುಂಬಳ, ಅವರೆ ಜಾತಿಯ ಕಾಳು ಬೆಳೆದು ಬದುಕುತ್ತಿದ್ದ ಜನ ಗಣಿಗಾರರಿಗಿಂತ ಎಷ್ಟೋ ಮೊದಲೇ ಇಲ್ಲಿದ್ದರು.

ಕಲ್ಲಿನೊಳಗೆ ನಡೆದದ್ದು

ರೆಡ್ ಕ್ಲೌಡ್ ಅದಿರು ಕೂತಿರುವುದು ಒಂದು ಸ್ತರಭಂಗದಲ್ಲಿ. ಭೂಮಿಯ ಹೊರಪದರ ಬಿರಿದು, ಒಂದು ಕಡೆಯ ಬಂಡೆ ಇನ್ನೊಂದರ ಮೇಲೆ ಜಾರಿದ ಆ ಬಿರುಕು ಪೂರ್ವಕ್ಕೆ ಓರೆಯಾಗಿ ಇಳಿಯುತ್ತದೆ. ಅದರ ಕೆಳಗೋಡೆಯಲ್ಲಿ ಹಳೆಯ ಗ್ರಾನೈಟು ಜಾತಿಯ ಕಲ್ಲು, ಮೇಲ್ಗೋಡೆಯಲ್ಲಿ ಜ್ವಾಲಾಮುಖಿ ಉಗುಳಿದ, ಭೂವೈಜ್ಞಾನಿಕ ಲೆಕ್ಕದಲ್ಲಿ ಎಳೆಯದಾದ ಕಲ್ಲು. ಎರಡರ ಮಸೆತದಲ್ಲಿ ನುಗ್ಗುನುರಿಯಾದ ಚೂರುಗಳ ಸಂದಿಯಲ್ಲಿ ಬಿಸಿನೀರು ಹರಿದು ಬೆಣಚುಕಲ್ಲು, ಕ್ಯಾಲ್ಸೈಟ್, ಫ್ಲೋರೈಟ್‌ಗಳನ್ನೂ, ಅವುಗಳ ಜೊತೆಗೆ ಸೀಸದ ಸಲ್ಫೈಡ್ ಆದ ಗೆಲೀನವನ್ನೂ ಇಳಿಸಿತು. ಗೆಲೀನದೊಳಗೆ ಬೆಳ್ಳಿಯ ಅಂಶ ಅಡಗಿತ್ತು. ಅರಿಜೋನ ಗಣಿ ಇಲಾಖೆಯ ಭೂವಿಜ್ಞಾನಿ ಎಲ್ಡ್ರೆಡ್ ವಿಲ್ಸನ್ 1933ರಲ್ಲಿ ದಕ್ಷಿಣ ಯೂಮಾ ಕೌಂಟಿಯ ಖನಿಜ ನಿಕ್ಷೇಪಗಳ ಬಗ್ಗೆ ಹೊರತಂದ ವರದಿ ಈ ವಲಯದ ಬಗ್ಗೆ ಬಹುಕಾಲ ಆಧಾರಗ್ರಂಥವಾಗಿತ್ತು.

ನಿಜವಾದ ಕಥೆ ಆರಂಭವಾಗುವುದು ಅದಿರು ಇಳಿದ ಮೇಲೆ. ಮೇಲಿನ ನೆಲ ಸವೆದು ಪಟ್ಟೆ ಬಯಲಿಗೆ ಬಂದಾಗ ಗಾಳಿಯ ಆಮ್ಲಜನಕ ಮತ್ತು ಮಳೆಯ ನೀರು ಅದರೊಳಗೆ ಇಳಿದವು. ಮರುಭೂಮಿಯಲ್ಲಿ ಅಂತರ್ಜಲ ಬಹಳ ಆಳದಲ್ಲಿರುತ್ತದೆ. ಆದ್ದರಿಂದ ಗಾಳಿ ಮತ್ತು ಒದ್ದೆ ಎರಡೂ ತಲುಪುವ ವಲಯವೂ ಆಳ. ಬೀಳುವ ಅಷ್ಟಿಷ್ಟು ನೀರು ಕರಗಿಸಿದ್ದನ್ನು ದೂರ ಕೊಂಡೊಯ್ಯಲು ಸಾಕಾಗದೆ, ಅಲ್ಲೇ ಇನ್ನೊಂದು ರೂಪದಲ್ಲಿ ಬಿಟ್ಟುಹೋಗುತ್ತದೆ. ಗೆಲೀನ ಮೊದಲು ಸೀಸದ ಸಲ್ಫೇಟ್ ಆದ ಆಂಗ್ಲೆಸೈಟ್ ಆಯಿತು, ಆಮೇಲೆ ಸೀಸದ ಕಾರ್ಬೊನೇಟ್ ಆದ ಸೆರುಸೈಟ್ ಆಯಿತು. ಅಲ್ಲಲ್ಲಿ ಒಂದು ಉಂಡೆ ಗೆಲೀನ ಸಿಪ್ಪೆ ಸುತ್ತಿಕೊಂಡು ಹಾಗೇ ಉಳಿಯಿತು. ಒಣನೆಲದ ಲವಣದಲ್ಲಿರುವ ಕ್ಲೋರಿನ್, ಸುತ್ತಲ ಬಂಡೆಯಿಂದ ಬಂದ ವೆನೇಡಿಯಂ ಸೇರಿದ ಕಡೆ ಸೀಸ ವೆನೇಡಿನೈಟ್ ಆಯಿತು. ಮಾಲಿಬ್ಡಿನಂ ಸಿಕ್ಕ ಕಡೆ ವುಲ್ಫೆನೈಟ್. ಇವೆಲ್ಲವೂ ಭಾರದವು, ಮೆದು; ಕೊನೆಯ ಎರಡು ಬಣ್ಣದವು. ತೇವದ ನಾಡುಗಳ ಸೀಸದ ಗಣಿಗಳಲ್ಲೂ ಇವು ಸಿಗುತ್ತವೆ. ಆದರೆ ಆಳವಾಗಿ, ಹೇರಳವಾಗಿ, ಪೊಳ್ಳುಗಳಲ್ಲಿ ಸಾವಕಾಶವಾಗಿ ಬೆಳೆದ ಹರಳುಗಳಾಗಿ ಸಿಗಲು ಮರುಭೂಮಿಯೇ ಬೇಕೆಂದು ಹೇಳಿದರೆ ಹೆಚ್ಚು ತಪ್ಪಾಗದು. ಮೆಕ್ಸಿಕೊ, ಮೊರಾಕ್ಕೊ, ನಮೀಬಿಯ, ಇರಾನ್, ಆಸ್ಟ್ರೇಲಿಯಗಳ ಹೆಸರಾಂತ ಸೀಸದ ಹರಳುಗಳೂ ಒಣನಾಡಿನವೇ.

ಮ್ಯಾಂಗನೀಸ್: ಬೇಕಾದ ಕಲ್ಲು, ಬೇಡದ ಕಲ್ಲು

ಪಟ್ಟೆಯ ಮೇಲ್ಭಾಗವನ್ನು ಕಪ್ಪಾಗಿಸಿದ್ದು ಮ್ಯಾಂಗನೀಸ್. ಬಿಸಿನೀರು ತಂದ ಮ್ಯಾಂಗನೀಸ್ ಮೊದಲಿಗೆ ಹೆಚ್ಚಾಗಿ ಕಾರ್ಬೊನೇಟುಗಳಲ್ಲಿ ಸೇರಿಕೊಂಡಿರುತ್ತದೆ. ಗಾಳಿ ತಾಗಿದಾಗ ಅದು ಕಪ್ಪು ಆಕ್ಸೈಡಾಗಿ, ಕಬ್ಬಿಣದ ಕೆಂಪು ಕಂದು ತುಕ್ಕಿನೊಂದಿಗೆ ಬೆರೆತು, ಕೈಗೆ ಮಸಿ ಹತ್ತಿಸುವ ಮಣ್ಣಾಗಿ ಉಳಿಯುತ್ತದೆ. ಗುಡ್ಡದ ಮೇಲೆ ಅಡ್ಡಾಡುವ ಅನುಭವಿ ಗಣಿಗಾರ ಹುಡುಕುವುದು ಈ ಕಪ್ಪು ಕೆಂಪು ಗೆರೆಯನ್ನೇ. ಅದಿರು ಕೆಳಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನೆಲದ ಮೇಲೆ ಸಿಗುವುದಿಲ್ಲ. ಸೀಸ ಮತ್ತು ಮ್ಯಾಂಗನೀಸ್ ಒಂದೇ ಖನಿಜದಲ್ಲಿ ಕೂಡುವುದೂ ಉಂಟು. ಅಂಥ ಒಂದು ಆಕ್ಸೈಡನ್ನು ಅರಿಜೋನದ್ದೇ ಆದ ಕ್ಲಿಫ್ಟನ್ ಬಳಿಯ ಕೊರೊನಾಡೊ ಪಟ್ಟೆಯಿಂದ 1904ರಲ್ಲಿ ಮೊದಲು ವರ್ಣಿಸಿ ಕೊರೊನಾಡೈಟ್ ಎಂದು ಹೆಸರಿಟ್ಟರು.

ಈ ಕಪ್ಪು ಕಲ್ಲಿನ ಬೆಲೆ ಅದನ್ನು ಏನು ಮಾಡುತ್ತೀರಿ ಎಂಬುದರ ಮೇಲಿತ್ತು. ಸೀಸದ ಕುಲುಮೆಗೆ ಅದು ವರ. ಅದಿರಿನಲ್ಲಿ ಬೆಣಚು ಯಾವಾಗಲೂ ಇರುತ್ತದೆ, ಅದು ಸುಲಭಕ್ಕೆ ಕರಗದು. ಸುಣ್ಣಕಲ್ಲಿನ ಜೊತೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡ್ ಸೇರಿದರೆ ಬೆಣಚು ಅವುಗಳೊಂದಿಗೆ ಬೆರೆತು ತೆಳ್ಳಗೆ ಹರಿಯುವ ಕಿಟ್ಟವಾಗಿ ಮೇಲೆ ತೇಲುತ್ತದೆ. ಸೀಸ ಬೆಳ್ಳಿಯನ್ನು ತನ್ನೊಳಗೆ ಹೀರಿಕೊಂಡು ತಳಕ್ಕೆ ಇಳಿಯುತ್ತದೆ. ಆಮೇಲೆ ಆ ಎರಡನ್ನು ಬೇರ್ಪಡಿಸುವುದು ಬೇರೆ ಕೆಲಸ. ಹೀಗೆ ಸೀಸ, ಬೆಳ್ಳಿ, ಮ್ಯಾಂಗನೀಸ್ ಮೂರೂ ಒಂದೇ ಪಟ್ಟೆಯಲ್ಲಿರುವ ಅದಿರು ಕುಲುಮೆಗೆ ಬೇಕಾದ ಅರ್ಧ ಸಾಮಾನನ್ನು ತಾನೇ ಹೊತ್ತುಕೊಂಡು ಬಂದಂತೆ. ಕುಲುಮೆಯವರು ಅಂಥ ಅದಿರಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು, ಬೆಣಚು ಹೆಚ್ಚಿರುವ ಅದಿರಿಗೆ ದಂಡ ಹಾಕುತ್ತಿದ್ದರು.

ಕುಲುಮೆಯ ದಾರಿ ಬಿಟ್ಟು ಅದಿರನ್ನು ಅರೆದು ಪಾದರಸದಲ್ಲೋ ಸೈನೈಡಿನಲ್ಲೋ ಬೆಳ್ಳಿ ಹಿಡಿಯಲು ಹೋದರೆ ಇದೇ ಮ್ಯಾಂಗನೀಸ್ ಶತ್ರು. ಅದರ ಆಕ್ಸೈಡಿನೊಳಗೆ ಸಿಕ್ಕಿಕೊಂಡ ಬೆಳ್ಳಿಯನ್ನು ಪಾದರಸ ಮುಟ್ಟುವುದಿಲ್ಲ, ಸೈನೈಡ್ ಕರಗಿಸುವುದಿಲ್ಲ. ಸೈನೈಡ್ ವಿಧಾನ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಜಗತ್ತಿನ ಚಿನ್ನದ ಗಣಿಗಾರಿಕೆಯನ್ನೇ ಬದಲಿಸಿತು. ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಅದರ ಪ್ರಮಾಣ ಗೊತ್ತು. ಆದರೆ ಮ್ಯಾಂಗನೀಸ್ ತುಂಬಿದ ಬೆಳ್ಳಿ ಅದಿರಿಗೆ ಆ ಕ್ರಾಂತಿಯ ಫಲ ದಕ್ಕಲಿಲ್ಲ. ಅಮೆರಿಕದ ನೈಋತ್ಯದಲ್ಲಿ ಇಂಥ ಅನೇಕ ಸಣ್ಣ ಗಣಿಗಳು ದೂರದ ಕುಲುಮೆಯನ್ನೇ ನಂಬಿ ಕೂರಬೇಕಾಯಿತು. ದೂರ ಎಂದ ಕೂಡಲೇ ಸಾಗಾಟದ ಖರ್ಚು ಬಂತು.

ಮ್ಯಾಂಗನೀಸನ್ನೇ ಲೋಹಕ್ಕಾಗಿ ಮಾರುವ ಮಾತು ಬಂದದ್ದು ಯುದ್ಧಗಳಿಂದ. ಉಕ್ಕಿನೊಳಗಿನ ಗಂಧಕ ಮತ್ತು ಆಮ್ಲಜನಕವನ್ನು ಹೊರಹಾಕಲು ಮ್ಯಾಂಗನೀಸ್ ಇಲ್ಲದೆ ಆಗದು. 1914ರ ಮೊದಲು ಅಮೆರಿಕಕ್ಕೆ ಬೇಕಾದ ಅದಿರು ರಷ್ಯ, ಭಾರತ, ಬ್ರೆಜಿಲ್‌ಗಳಿಂದ ಬರುತ್ತಿತ್ತು. ಸಮುದ್ರದ ದಾರಿ ಕಷ್ಟವಾದಾಗ ಬೆಲೆ ಏರಿ, ಅರಿಜೋನದ ಬೆಳ್ಳಿ ಪಟ್ಟಣ ಟೂಂಬ್‌ಸ್ಟೋನ್‌ನಲ್ಲೂ ಹಳೆಯ ಬೆಳ್ಳಿ ಗಣಿಗಳಿಂದ ಕಪ್ಪು ಕಲ್ಲನ್ನು ಅಗೆದು ಕಳಿಸಿದರು. ಅಮೆರಿಕದ ಮ್ಯಾಂಗನೀಸ್ ಅದಿರಿನ ಉತ್ಪಾದನೆ 1918ರಲ್ಲಿ ಸುಮಾರು 3 ಲಕ್ಷ ಟನ್ನಿಗೆ ಏರಿ, ಯುದ್ಧ ಮುಗಿದ ಮರುಕ್ಷಣ ಕುಸಿಯಿತು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟ ಅದಿರು ಕಳಿಸುವುದನ್ನು ಬಿಗಿಮಾಡಿದಾಗ ಅಮೆರಿಕ ಮತ್ತೆ ಎರಡು ಕಡೆ ನೋಡಿತು. ಒಂದು ಭಾರತ, ಆ ಕಾಲದ ಭಾರತದ ಮ್ಯಾಂಗನೀಸ್ ನಾಡುಗಳಲ್ಲಿ ನಮ್ಮ ಸಂಡೂರೂ ಒಂದು. ಅಲ್ಲಿ ಬೆಲ್ಜಿಯಂನವರ ಕಂಪನಿಯ ಗುತ್ತಿಗೆ ಮುಗಿದ ಮೇಲೆ 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಯಿತು. ಇನ್ನೊಂದು ತನ್ನದೇ ಮರುಭೂಮಿ; 1950ರ ದಶಕದಲ್ಲಿ ಸರ್ಕಾರ ಅರಿಜೋನದ ವೆಂಡೆನ್ ಎಂಬ ರೈಲು ನಿಲ್ದಾಣದ ಊರಿನಲ್ಲಿ ಖರೀದಿ ಕೇಂದ್ರ ತೆರೆದು, ಸಣ್ಣ ಗಣಿಗಾರರು ಲಾರಿಯಲ್ಲಿ ತಂದ ಕಳಪೆ ದರ್ಜೆಯ ಅದಿರನ್ನೂ ಕೊಂಡು ರಾಶಿ ಹಾಕಿತು. 1959ಕ್ಕೆ ಖರೀದಿ ಕಾರ್ಯಕ್ರಮ ಮುಗಿಯಿತು, ಅದರೊಂದಿಗೆ ಆ ಗಣಿಗಳೂ ಮುಗಿದವು. ಸಂಡೂರಿನಲ್ಲಿ ಇಂದಿಗೂ ಅಗೆಯುತ್ತಾರೆ. ಅಲ್ಲಿನದು ವಿಶಾಲವಾದ, ಮೇಲ್ಮೈಗೆ ಹತ್ತಿರದ ನಿಕ್ಷೇಪ. ಅರಿಜೋನದ ಬಹುಪಾಲು ಪಟ್ಟೆಗಳು ಕಿರಿದು, ಓರೆ. ಸರ್ಕಾರ ಬೆಲೆ ಕಟ್ಟಿಕೊಟ್ಟಷ್ಟು ಕಾಲ ಮಾತ್ರ ಅವು ಗಣಿಗಳಾಗಿದ್ದವು.

ನದಿಯ ಹಡಗು, ಯೂಮಾದ ರೈಲು

ಸಣ್ಣ ಗಣಿಯ ಚರಿತ್ರೆಯನ್ನು ಅದಿರಿನ ಗುಣದಿಂದ ಬರೆಯುವುದು ರೂಢಿ. ರೆಡ್ ಕ್ಲೌಡ್ ವಿಷಯದಲ್ಲಿ ಅದನ್ನು ದಾರಿಯಿಂದ ಬರೆಯುವುದೇ ಸರಿ. ಕೊಲೊರಾಡೊ ನದಿಯ ಕೆಳಭಾಗದಲ್ಲಿ 1852ರಿಂದ ಉಗಿಹಡಗು ಓಡಾಡುತ್ತಿತ್ತು. ತಳ ಚಪ್ಪಟೆ, ಹಿಂದೆ ದೊಡ್ಡ ಚಕ್ರ, ಮೊಣಕಾಲುದ್ದ ನೀರಿನಲ್ಲೂ ಮರಳದಿಣ್ಣೆ ದಾಟಿಕೊಂಡು ಹೋಗಬಲ್ಲ ಹಡಗುಗಳು. ಅವುಗಳ ಉಗಿಗೆ ಸೌದೆ ಬೇಕು. ದಂಡೆಯುದ್ದಕ್ಕೂ ಕಾಟನ್‌ವುಡ್ ಮತ್ತು ಮೆಸ್ಕೀಟ್ ಮರ ಕಡಿದು ರಾಶಿ ಹಾಕಿದವರು, ಹಡಗಿನ ಮೇಲೆ ದುಡಿದವರು ಬಹುಪಾಲು ಕೊಕೊಪಾ, ಕ್ವೆಚಾನ್, ಮೊಹಾವೆ ಜನ. ಸಾಮಾನು ಕ್ಯಾಲಿಫೋರ್ನಿಯ ಕೊಲ್ಲಿಯ ಉತ್ತರ ತುದಿಯಲ್ಲಿ ಸಮುದ್ರದ ಹಡಗಿನಿಂದ ಇಳಿದು ನದಿಯ ಹಡಗು ಹತ್ತುತ್ತಿತ್ತು. ಅದಿರು ಅದೇ ದಾರಿಯಲ್ಲಿ ತಿರುಗಿ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತಿತ್ತು. ಬಾಹಾ ಕ್ಯಾಲಿಫೋರ್ನಿಯದ ತುದಿ ಸುತ್ತಿಕೊಂಡು ಹೋಗುವ ಈ ಪಯಣಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಖರ್ಚನ್ನು ತಾಳುವ ಅದಿರು ಬಹಳ ಶ್ರೀಮಂತವಾಗಿರಬೇಕು. ಆಗ ಕೈಯಿಂದ ಆರಿಸಿದ ಒಳ್ಳೆಯ ಕಲ್ಲು ಮಾತ್ರ ಹಡಗು ಹತ್ತುತ್ತಿತ್ತು, ಉಳಿದದ್ದು ಗಣಿಯ ಬಾಯಲ್ಲೇ ದಿಬ್ಬವಾಗುತ್ತಿತ್ತು.

ಗಿಲಾ ನದಿಯ ದಂಡೆಯಲ್ಲಿ 1858ರಲ್ಲಿ, ಲಾ ಪಾಜ್‌ನಲ್ಲಿ 1862ರಲ್ಲಿ ಮರಳುಚಿನ್ನ ಸಿಕ್ಕು ಈ ಸೀಮೆಗೆ ಜನ ನುಗ್ಗಿದರು. ಚಿನ್ನ ಬೇಗ ಬರಿದಾಯಿತು. ಚಿನ್ನ ಹುಡುಕಿ ಸುತ್ತಾಡಿದವರ ಕಣ್ಣಿಗೆ ಬಿದ್ದ ಸೀಸದ ಪಟ್ಟೆಗಳು 1860ರ ದಶಕದಲ್ಲೇ ಸುದ್ದಿಯಾದವು. ಟ್ರಿಗೊ ಬೆಟ್ಟಗಳ ಪೂರ್ವಕ್ಕಿರುವ ಕ್ಯಾಸಲ್ ಡೋಮ್ ಪರ್ವತಗಳಲ್ಲಿ ಗೆಲೀನ ಗಟ್ಟಿಯಾಗಿ ಸಿಕ್ಕು, ಅಲ್ಲಿ ಕೆಲಸ ಬಿಟ್ಟುಬಿಟ್ಟು 20ನೇ ಶತಮಾನದ ಉತ್ತರಾರ್ಧದವರೆಗೂ ನಡೆಯಿತು. ಸಿಲ್ವರ್ ವಲಯಕ್ಕೆ ಜೀವ ಬಂದದ್ದು ತಡವಾಗಿ, 1870ರ ದಶಕದ ಕೊನೆಗೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಸದರ್ನ್ ಪೆಸಿಫಿಕ್ ರೈಲು 1877ರ ಸೆಪ್ಟೆಂಬರಿನಲ್ಲಿ ಯೂಮಾ ತಲುಪಿತು. ಸಮುದ್ರ ಸುತ್ತುವ ಕಾಟ ತಪ್ಪಿ, ಗಣಿಯಿಂದ ನದಿಗೆ ಗಾಡಿ, ನದಿಯಲ್ಲಿ ಯೂಮಾವರೆಗೆ ಹಡಗು, ಅಲ್ಲಿಂದ ಕ್ಯಾಲಿಫೋರ್ನಿಯಕ್ಕೆ ರೈಲು ಎಂಬ ಸರಳ ಸರಪಳಿ ಸಿದ್ಧವಾಯಿತು. ಮೊದಲು ದಿಬ್ಬಕ್ಕೆ ಹೋಗುತ್ತಿದ್ದ ದರ್ಜೆಯ ಕಲ್ಲು ಈಗ ಅದಿರಾಯಿತು. ಕಲ್ಲು ಬದಲಾಗಲಿಲ್ಲ.

ಏರು, ಇಳಿತ

ಕೈಬಿಟ್ಟಿದ್ದ ಪಟ್ಟೆಗಳ ಮೇಲೆ ಮತ್ತೆ ಗುರುತು ನೆಟ್ಟು ಹಕ್ಕು ಪಡೆದವರು ಅವನ್ನು ದೂರದ ಬಂಡವಾಳಗಾರರಿಗೆ ಮಾರಿದರು. ಅರಿಜೋನ ಆಗಿನ್ನೂ ರಾಜ್ಯವಲ್ಲ, ಟೆರಿಟರಿ. 1880ರ ಜನಗಣತಿಯಲ್ಲಿ ಇಡೀ ಟೆರಿಟರಿಯ ಜನಸಂಖ್ಯೆ 40,440. ಅಂಥ ನೆಲದಲ್ಲಿ ನದಿ ದಂಡೆಯ ನಾರ್ಟನ್ಸ್ ಲ್ಯಾಂಡಿಂಗ್ ಎಂಬ ಹಡಗುಕಟ್ಟೆ ಮತ್ತು ಬೆಟ್ಟದ ಮಡಿಲಿನ ಸೈಲೆಂಟ್ ಎಂಬ ಊರು ಹುಟ್ಟಿಕೊಂಡವು. ಸೈಲೆಂಟ್ ಎಂದರೆ ಮೌನ ಎಂದುಕೊಂಡು ಬೆಟ್ಟದ ನೀರವತೆಯ ಬಗ್ಗೆ ಕವಿತೆ ಕಟ್ಟಬೇಕಿಲ್ಲ. ಅದು ಟೆರಿಟರಿಯ ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಸೈಲೆಂಟ್ ಅವರ ಹೆಸರು. ಆ ಊರಿನ ಅಂಚೆ ಕಚೇರಿ 1880ರಲ್ಲಿ ತೆರೆದು 1884ರಲ್ಲಿ ಮುಚ್ಚಿತು. ಸಿಲ್ವರ್ ವಲಯದ ಉಬ್ಬರವೂ ಹೆಚ್ಚುಕಡಿಮೆ ಅಷ್ಟೇ ಉದ್ದದ್ದು.

ಆ ವರ್ಷಗಳ ಕೆಲಸ ಕೈಕೆಲಸ. ಉಳಿ ಹಿಡಿದು ಸುತ್ತಿಗೆಯಿಂದ ಬಂಡೆಗೆ ತೂತು ಕೊರೆಯುವುದು, ಸಿಡಿಮದ್ದು ತುಂಬಿ ಹಾರಿಸುವುದು, ಓರೆಯಾದ ಬಾವಿಯ ಮೂಲಕ ತೊಟ್ಟಿಯಲ್ಲಿ ಅದಿರು ಎಳೆಯುವುದು. ಪಟ್ಟೆ ಓರೆಯಾಗಿದ್ದರಿಂದ ಬಾವಿಯೂ ಅದನ್ನೇ ಹಿಂಬಾಲಿಸಿ ಓರೆಯಾಗಿ ಇಳಿಯಿತು. ಒಣ ಸೀಸದ ಅದಿರಿನ ಧೂಳು ಉಸಿರಿನಲ್ಲಿ ಹೋಗುತ್ತದೆ. ಸೆರುಸೈಟ್ ಹೊಟ್ಟೆಗೆ ಸೇರಿದರೆ ಗೆಲೀನಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಹೊಟ್ಟೆನುಲಿ, ಕೈ ಜೋಲುವಿಕೆ ಪಶ್ಚಿಮದ ಸೀಸದ ಗಣಿಗಳಲ್ಲೂ ಕುಲುಮೆಗಳಲ್ಲೂ ಮಾಮೂಲಿ ಕಾಯಿಲೆಯಾಗಿದ್ದವು. ಮೇಲುಗಡೆ ನೀರು ಮತ್ತು ಸೌದೆ, ಎರಡನ್ನೂ ಗಾಡಿಯಲ್ಲೋ ಕತ್ತೆಯ ಬೆನ್ನಿನಲ್ಲೋ ಹೊರಬೇಕು.

ಬೆಳ್ಳಿಯ ಬೆಲೆ ಕೈಕೊಟ್ಟದ್ದು ಇನ್ನೊಂದು ಪೆಟ್ಟು. 1870ರ ದಶಕದ ಆರಂಭದಲ್ಲಿ ಒಂದು ಔನ್ಸಿಗೆ 1 ಡಾಲರ್ 30 ಸೆಂಟ್ ಆಸುಪಾಸು ಇದ್ದದ್ದು ಇಳಿಯುತ್ತಲೇ ಬಂತು. ನಾಣ್ಯಕ್ಕಾಗಿ ಸರ್ಕಾರ ಬೆಳ್ಳಿ ಕೊಳ್ಳುವಂತೆ ಮಾಡಿದ 1878 ಮತ್ತು 1890ರ ಕಾನೂನುಗಳು ಇಳಿತವನ್ನು ತಡೆಯಲಾರದೆ ಹೋದವು. 1893ರಲ್ಲಿ ಆ ಖರೀದಿಯನ್ನೂ ನಿಲ್ಲಿಸಿದರು. ಮರುವರ್ಷ ಬೆಲೆ 65 ಸೆಂಟಿಗೂ ಕೆಳಗೆ ಬಂತು. ಅದಿರು ಶ್ರೀಮಂತವಾಗಿದ್ದ ದೊಡ್ಡ ಗಣಿಗಳೇ ಬಾಗಿಲು ಹಾಕಿದ ಆ ವರ್ಷಗಳಲ್ಲಿ ಟ್ರಿಗೊ ಬೆಟ್ಟದ ಸಣ್ಣವು ಉಳಿಯುವುದೆಲ್ಲಿ? 1909ರಲ್ಲಿ ಯೂಮಾದ ಮೇಲ್ಗಡೆ ಲಗೂನಾ ಅಣೆಕಟ್ಟು ಮುಗಿದು ಉಗಿಹಡಗಿನ ದಾರಿಯೂ ಕಡಿದುಹೋಯಿತು. ಆಮೇಲೆ 20ನೇ ಶತಮಾನದಲ್ಲಿ ಲೋಹದ ಬೆಲೆ ಏರಿದಾಗಲೆಲ್ಲ ಯಾರಾದರೊಬ್ಬರು ಗುತ್ತಿಗೆ ಹಿಡಿದು ಬಂದು, ಸ್ವಲ್ಪ ಅಗೆದು, ಹೋಗುತ್ತಿದ್ದರು. ಆ ಅವಧಿಯಲ್ಲಿ ಲೋಹದ ಲೆಕ್ಕಕ್ಕೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ಕೆಂಪು ಹರಳು

ಉಬ್ಬರದ ದಿನಗಳಲ್ಲೇ ವಿಜ್ಞಾನಿಗಳ ಕಣ್ಣು ಇಲ್ಲಿಗೆ ಬಿದ್ದಿತ್ತು. 1881ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈನ್ಸ್ ಪತ್ರಿಕೆಯಲ್ಲಿ ಎರಡು ಬರಹಗಳು ಬಂದವು. ಒಂದರಲ್ಲಿ ವಿಲಿಯಂ ಬ್ಲೇಕ್ ಕ್ಯಾಸಲ್ ಡೋಮ್ ಗಣಿಗಳ ಸೀಸದ ವೆನೇಡೇಟುಗಳನ್ನು ವರ್ಣಿಸಿದರು; ಅವರು ಮುಂದೆ ಅರಿಜೋನ ವಿಶ್ವವಿದ್ಯಾಲಯದ ಗಣಿ ಶಾಲೆಯ ಮುಖ್ಯಸ್ಥರಾದರು. ಇನ್ನೊಂದನ್ನು ಬರೆದವರು ಯೇಲ್‌ನ ರಸಾಯನಶಾಸ್ತ್ರಜ್ಞ ಕಿರಿಯ ಬೆಂಜಮಿನ್ ಸಿಲಿಮನ್. ಪೆನ್ಸಿಲ್ವೇನಿಯದ ಕಲ್ಲೆಣ್ಣೆಯನ್ನು ದೀಪಕ್ಕೆ ಬಳಸಬಹುದೆಂದು 1855ರಲ್ಲಿ ವರದಿ ಕೊಟ್ಟು ಪೆಟ್ರೋಲಿಯಂ ಉದ್ಯಮಕ್ಕೆ ಬಾಗಿಲು ತೆರೆದವರು ಇವರೇ. ಸಿಲ್ವರ್ ವಲಯದ ವೆನೇಡಿನೈಟ್, ವುಲ್ಫೆನೈಟ್‌ಗಳು ಅವರ ಬರಹದಿಂದ ಹೊರಜಗತ್ತಿಗೆ ಗೊತ್ತಾದವು. ಊರಿನ ಅಂಚೆ ಕಚೇರಿ ಮುಚ್ಚುವ ಮೊದಲೇ ಗಣಿಯ ಎರಡನೆಯ ಬದುಕು ಶುರುವಾಗಿತ್ತು.

ವುಲ್ಫೆನೈಟ್‌ಗೆ ಆ ಹೆಸರು ಬಂದದ್ದು ಆಸ್ಟ್ರಿಯದ ಪಾದ್ರಿ, ಸಸ್ಯ ಮತ್ತು ಖನಿಜಗಳ ಅಭ್ಯಾಸಿ ಫ್ರಾನ್ಜ್ ಕ್ಸೇವರ್ ಫಾನ್ ವುಲ್ಫೆನ್ ಅವರಿಂದ. ಕರಿಂಥಿಯದ ಬ್ಲೈಬರ್ಗ್ ಸೀಸದ ಗಣಿಗಳ ಹರಳುಗಳ ಬಗ್ಗೆ ಅವರು 1785ರಲ್ಲಿ ಪುಸ್ತಕ ಬರೆದಿದ್ದರು. ಬ್ಲೈಬರ್ಗಿನವು ಹಳದಿ, ಜೇನುಬಣ್ಣ. ಸಾಮಾನ್ಯವಾಗಿ ಎಲ್ಲ ಕಡೆಯ ವುಲ್ಫೆನೈಟ್ ಹಳದಿಯಿಂದ ಕಿತ್ತಳೆಯವರೆಗೆ, ಚೌಕಾಕಾರದ ತೆಳು ಹಲ್ಲೆಗಳಾಗಿ ಸಿಗುತ್ತದೆ. ರೆಡ್ ಕ್ಲೌಡ್‌ನಲ್ಲಿ ಅದು ಕಿತ್ತಳೆಗೆಂಪಿನಿಂದ ಕಡುಗೆಂಪಿಗೆ ಏರುತ್ತದೆ, ಹಲ್ಲೆ ದಪ್ಪವಾಗುತ್ತದೆ, ಅಂಚುಗಳನ್ನು ಓರೆ ಮುಖಗಳು ಕತ್ತರಿಸುತ್ತವೆ, ಮೇಲ್ಮೈ ವಜ್ರದ ಹೊಳಪು ಕೊಡುತ್ತದೆ. ಈ ಕೆಂಪಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಹರಳಿನೊಳಗೆ ಸೇರಿದ ಕ್ರೋಮಿಯಂನ ಸೂಕ್ಷ್ಮ ಅಂಶ. ಹೆಚ್ಚಿನ ಹರಳುಗಳು ಒಂದೆರಡು ಸೆಂಟಿಮೀಟರ್ ಒಳಗಿನವು, ಅಪರೂಪಕ್ಕೆ ಸುಮಾರು 5 ಸೆಂಟಿಮೀಟರಿನವು ಸಿಕ್ಕಿವೆ. ಗಡಸುತನ ಮೂರರ ಆಸುಪಾಸು, ತಾಮ್ರದ ನಾಣ್ಯದಿಂದ ಗೀರು ಬೀಳುವಷ್ಟು. ಹಾಗಾಗಿ ಆಭರಣಕ್ಕೆ ಅದು ನಾಲಾಯಕ್ಕು. ಬೆಳ್ಳಿ ಹುಡುಕುವ ಗಣಿಗಾರನಿಗೂ ಅದರಿಂದ ಹೆಚ್ಚು ಉಪಯೋಗವಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅರಿಜೋನದ ಟೈಗರ್ ಎಂಬಲ್ಲಿ ವುಲ್ಫೆನೈಟನ್ನು ಮಾಲಿಬ್ಡಿನಂ ಅದಿರಾಗಿಯೇ ಅಗೆದು ಅರೆದರು. ಅಲ್ಲಿ ಎಷ್ಟು ಹರಳು ಪುಡಿಯಾಯಿತೋ ಎಂದು ನೆನೆದರೆ ಇಂದಿನ ಸಂಗ್ರಾಹಕರಿಗೆ ನಿದ್ದೆ ಬಾರದು.

ರೆಡ್ ಕ್ಲೌಡ್ ಹೆಸರನ್ನು ನೆಲೆಗೊಳಿಸಿದವರು ಕೊಲೊರಾಡೊದ ಎಡ್ವಿನ್ ಓವರ್. ಖನಿಜದ ಹರಳು ಹುಡುಕಿ ಮಾರುವುದನ್ನೇ ಕಸುಬಾಗಿಸಿಕೊಂಡಿದ್ದ ಅವರು ಆರ್ಥರ್ ಮಾಂಟ್ಗೊಮರಿ ಜೊತೆ ಸೇರಿ 1930ರ ದಶಕದಲ್ಲಿ ಅಲಾಸ್ಕದ ಎಪಿಡೋಟ್, ಯೂಟಾದ ವ್ಯಾರಿಸೈಟ್ ತಂದು ಹೆಸರು ಮಾಡಿದ್ದರು. 1938ರಲ್ಲಿ ಓವರ್ ರೆಡ್ ಕ್ಲೌಡ್‌ನ ಹಳೆಯ ಸುರಂಗಗಳಿಗೆ ಇಳಿದು, ಬೆಳ್ಳಿಯವರು ಬಿಟ್ಟುಹೋದ ಗೋಡೆಗಳಲ್ಲಿ ಪೊಳ್ಳುಗಳನ್ನು ಹಿಂಬಾಲಿಸಿ, ಅಲ್ಲಿಯವರೆಗೆ ಯಾರೂ ಕಾಣದಿದ್ದ ದರ್ಜೆಯ ಕೆಂಪು ವುಲ್ಫೆನೈಟ್ ಹೊರತೆಗೆದರು. ಲೋಹದ ಗಣಿಗಾರ ಪಟ್ಟೆಯ ಗಟ್ಟಿ ಭಾಗ ನೋಡುತ್ತಾನೆ. ಹರಳಿನವನಿಗೆ ಬೇಕಾದದ್ದು ಪಟ್ಟೆಯ ಖಾಲಿ ಜಾಗ. ಓವರ್ ತೆಗೆದವು ಅಮೆರಿಕದ ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಸೇರಿ, ಅಂದಿನಿಂದ ಯಾವ ಗಣಿಯ ವುಲ್ಫೆನೈಟನ್ನು ಹೊಗಳಬೇಕಾದರೂ ಅವುಗಳ ಪಕ್ಕಕ್ಕಿಟ್ಟು ಹೊಗಳುವುದು ವಾಡಿಕೆಯಾಯಿತು. 1990ರ ದಶಕದಲ್ಲಿ ಗಣಿಯನ್ನು ಹರಳಿಗಾಗಿಯೇ ಗುತ್ತಿಗೆ ಪಡೆದು, ಯಂತ್ರಗಳಿಂದ ಪಟ್ಟೆಯ ಮೇಲ್ಭಾಗವನ್ನು ತೆರೆದು ಅಗೆದರು. ಆಗಲೂ ಒಳ್ಳೆಯ ಹರಳುಗಳು ಸಿಕ್ಕವು. ಒಂದು ಕಾಲದಲ್ಲಿ ಕುಲುಮೆಯ ಲೆಕ್ಕಕ್ಕೆ ಬಾರದಿದ್ದ ಕಲ್ಲಿಗಾಗಿ ಇಡೀ ಗುಡ್ಡದ ಮೈ ತೆರೆದದ್ದು ಗಣಿ ಚರಿತ್ರೆಯಲ್ಲಿ ಅಪರೂಪ.

ಅಮೆರಿಕದ ಅಂಚೆ ಇಲಾಖೆ 1992ರಲ್ಲಿ ನಾಲ್ಕು ಖನಿಜಗಳ ಅಂಚೆಚೀಟಿ ತಂದಾಗ ಅಜುರೈಟ್, ತಾಮ್ರ, ವ್ಯಾರಿಸೈಟ್‌ಗಳ ಜೊತೆ ವುಲ್ಫೆನೈಟ್‌ಗೂ ಜಾಗ ಸಿಕ್ಕಿತು. 2017ರಲ್ಲಿ ಅರಿಜೋನ ಅದನ್ನು ರಾಜ್ಯದ ಖನಿಜವೆಂದು ಘೋಷಿಸಿತು. ತಾಮ್ರದಿಂದ ಬದುಕುವ ರಾಜ್ಯ ಸೀಸದ ಹರಳೊಂದನ್ನು ಲಾಂಛನವಾಗಿ ಆರಿಸಿಕೊಂಡದ್ದಕ್ಕೆ ರೆಡ್ ಕ್ಲೌಡ್‌ನಂಥ ಸಣ್ಣ ಗಣಿಗಳೇ ಕಾರಣ.

ಇಂದಿನ ಸ್ಥಿತಿ

ಟ್ರಿಗೊ ಬೆಟ್ಟಗಳ ಸುತ್ತಲಿನ ನೆಲ ಈಗ ಹಲವು ಕೈಗಳಲ್ಲಿ ಹಂಚಿಹೋಗಿದೆ. ನದಿಯ ಪಕ್ಕ 1941ರಲ್ಲಿ ಆದ ಇಂಪೀರಿಯಲ್ ವನ್ಯಜೀವಿ ಧಾಮ, ಇನ್ನೊಂದು ಬದಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಶುರುವಾದ, ಫಿರಂಗಿ ಮದ್ದುಗುಂಡು ಪರೀಕ್ಷಿಸುವ ಯೂಮಾ ಸೇನಾ ವಲಯ, ನಡುವೆ ಕೇಂದ್ರ ಸರ್ಕಾರದ ಬಯಲು ನೆಲ, ಅದರೊಳಗೆ ಹಳೆಯ ಗಣಿ ಹಕ್ಕುಗಳು. ಗಣಿಗಾರರು ಬಿಟ್ಟುಹೋದ ಸಾಮಾನು ಹೊರುವ ಕತ್ತೆಗಳ ಸಂತತಿ ಕಾಡುಕತ್ತೆಗಳಾಗಿ ಈ ಬೆಟ್ಟಗಳಲ್ಲಿ ಅಲೆಯುತ್ತಿದೆ. 1971ರ ಕಾನೂನು ಅವಕ್ಕೆ ರಕ್ಷಣೆ ಕೊಟ್ಟಿದೆ. ಕೆಳ ಕೊಲೊರಾಡೊ ಸೀಮೆಯ ಹಳೆಯ ಗಣಿ ಸುರಂಗಗಳು ಕ್ಯಾಲಿಫೋರ್ನಿಯ ಎಲೆಮೂಗಿನ ಬಾವಲಿಗೆ ಚಳಿಗಾಲದ ಆಸರೆ. ಈ ಬಾವಲಿ ಚಳಿಗಾಲದ ದೀರ್ಘನಿದ್ದೆಗೆ ಇಳಿಯುವುದಿಲ್ಲ, ವಲಸೆಯನ್ನೂ ಹೋಗುವುದಿಲ್ಲ, ಭೂಮಿಯ ಕಾವು ಉಳಿದ ಸುರಂಗ ಸಿಗದಿದ್ದರೆ ಬದುಕದು. ಆದ್ದರಿಂದ ಇಂಥ ಗಣಿಗಳ ಬಾಯಿಯನ್ನು ಮಣ್ಣು ಸುರಿದು ಮುಚ್ಚುವ ಬದಲು ಬಾವಲಿ ಹಾರಿ ಹೋಗುವಷ್ಟು ಸಂದಿ ಬಿಟ್ಟ ಕಬ್ಬಿಣದ ಜಾಲರಿ ಹಾಕುವುದುಂಟು.

ಅರಿಜೋನದಲ್ಲಿ ಕೈಬಿಟ್ಟ ಗಣಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸು ಎಂಬ ಅಂದಾಜು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಗಣಿ ತಪಾಸಣಾಧಿಕಾರಿಯನ್ನು ಮತ ಹಾಕಿ ಆರಿಸುವ ಏಕೈಕ ಅಮೆರಿಕನ್ ರಾಜ್ಯವೂ ಇದೇ. ಹಳೆಯ ಬಾವಿಗಳ ಅಂಚು ಪುಡಿ, ಮರದ ಆಸರೆ ಟೊಳ್ಳು, ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇರಬಹುದು, ದಿಬ್ಬದ ಮಣ್ಣಿನಲ್ಲಿ ಸೀಸ ಇದ್ದೇ ಇರುತ್ತದೆ. ರೆಡ್ ಕ್ಲೌಡ್ ಹೆಸರಿನ ರಸ್ತೆ ವನ್ಯಜೀವಿ ಧಾಮದೊಳಗೆ ಹಾದುಹೋಗುತ್ತದೆ, ಅಲ್ಲಿ ನಡೆದು ನೋಡಲು ಬಣ್ಣದ ಕಲ್ಲುಗಳ ಕಿರುದಾರಿಯೂ ಇದೆ. ಆದರೆ ಅಲ್ಲಿಂದ ಮುಂದೆ ಗಣಿಯ ಹತ್ತಿರ ಹೋಗಲು ಹಕ್ಕುದಾರರ ಒಪ್ಪಿಗೆ ಬೇಕು, ಸೇನಾ ವಲಯದ ಎಲ್ಲೆ ದಾಟಿದರೆ ಸಿಡಿಯದೆ ಉಳಿದ ಗುಂಡುಗಳ ಅಪಾಯ.

ಹರಳು ನೋಡುವ ಆಸೆಯಿರುವವರು ಗಣಿಗೆ ಹೋಗಬೇಕಾಗಿಯೂ ಇಲ್ಲ. ಅರಿಜೋನದಲ್ಲಿ ನೆಲೆಸಿರುವ, ಅಥವಾ ಅಲ್ಲಿಗೆ ಮಕ್ಕಳ ಮನೆಗೆಂದು ಹೋಗುವ ಕನ್ನಡಿಗರು ಟೂಸಾನ್ ನಗರದ ಹಳೆಯ ನ್ಯಾಯಾಲಯ ಕಟ್ಟಡದಲ್ಲಿ 2021ರಲ್ಲಿ ತೆರೆದ ಅರಿಜೋನ ವಿಶ್ವವಿದ್ಯಾಲಯದ ಖನಿಜ ಸಂಗ್ರಹಾಲಯಕ್ಕೆ ಹೋದರೆ ಆ ರಾಜ್ಯದ ಗಣಿಗಳ ಹರಳುಗಳನ್ನು ಒಂದೇ ಸೂರಿನಡಿ ಕಾಣಬಹುದು. ಭೇಟಿಗೆ ಒಳ್ಳೆಯ ಕಾಲ ಫೆಬ್ರವರಿ. 1955ರಿಂದ ನಡೆದುಬಂದ ಟೂಸಾನ್ ಖನಿಜ ಮೇಳವೂ ಅದೇ ತಿಂಗಳು, ಬಿಸಿಲೂ ಆಗ ಹಗುರ.